ಮುದಿ ನಾಯಿಯ ಐದು ದಿನ: ಪಶು ಆಸ್ಪತ್ರೆಯ ಸಹಾಯಕರಿಗೆ ಒಂದು ಪಾಠ

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)

ನಾಯಿಗೆ ಹುಷಾರಿಲ್ಲವೆಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಮಗೆ ಮೊದಲು ಎದುರಾಗುವವರು ಡಾಕ್ಟರಲ್ಲ. ಬಾಗಿಲ ಹತ್ತಿರ ಕೂತು ಕೇಸ್ ಪೇಪರ್ ಬರೆಯುವವರು, ನಾಯಿಯನ್ನು ಮೇಜಿನ ಮೇಲೆ ಎತ್ತಿ ನಿಲ್ಲಿಸುವವರು, ಬಾಯಿಗೆ ಪಟ್ಟಿ ಕಟ್ಟುವವರು, ಗ್ಲೂಕೋಸ್ ಬಾಟಲಿ ಮುಗಿಯಿತೇ ಎಂದು ನೋಡುತ್ತಾ ಪಕ್ಕದಲ್ಲಿ ನಿಲ್ಲುವವರು. ನಾವು ಇವರನ್ನು ಕಾಂಪೌಂಡರ್ ಎನ್ನುತ್ತೇವೆ, ಡ್ರೆಸ್ಸರ್ ಎನ್ನುತ್ತೇವೆ, ಎಷ್ಟೋ ಸಲ ಬರೀ ‘ಹುಡುಗ’ ಎಂದುಬಿಡುತ್ತೇವೆ. ಇಂದಿನ ಮಾತು ಇವರ ಬಗ್ಗೆ. ಇವರಿಗೆ ಕೆಲಸ ಕಲಿಸುವುದು ಹೇಗೆ, ಆ ಕಲಿಕೆಯಲ್ಲಿ ನಮ್ಮ ಪಾಲು ಏನು ಎಂಬುದರ ಬಗ್ಗೆ.

ಕಾಯಿಲೆ ಬಿದ್ದ ಒಂದೊಂದು ಪ್ರಾಣಿಯ ಕಥೆಯನ್ನೂ ಆಮೇಲೆ ಎಲ್ಲರೂ ಕೂತು ಮೊದಲಿಂದ ಬಿಡಿಸಿ ನೋಡುವುದಕ್ಕೆ ಪ್ರಕರಣ ಪರಿಶೀಲನೆ ಎನ್ನಬಹುದು. ಮನುಷ್ಯರ ವೈದ್ಯಶಾಸ್ತ್ರದಲ್ಲಿ ಈ ಪದ್ಧತಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು 1910ರ ಸುಮಾರಿನಲ್ಲಿ ಇದನ್ನು ಪಾಠದ ಕ್ರಮವಾಗಿಯೇ ನಡೆಸುತ್ತಿದ್ದರು. ರೋಗಿಯ ದಾಖಲೆ ಕೈಗೆ ಕೊಟ್ಟು, ಏನಿರಬಹುದು ಎಂದು ಮಾತಾಡಲು ಬಿಟ್ಟು, ಕೊನೆಯಲ್ಲಷ್ಟೇ ನಿಜ ಸಂಗತಿ ಹೇಳುತ್ತಿದ್ದರು. ನಮ್ಮ ಪಶುವೈದ್ಯ ಕಾಲೇಜುಗಳಲ್ಲೂ ವಿದ್ಯಾರ್ಥಿಗಳಿಗೆ ಪ್ರಕರಣಗಳನ್ನು ಮುಂದಿಟ್ಟು ಕಲಿಸುತ್ತಾರೆ. ಆದರೆ ಬಾಗಿಲಲ್ಲಿ ಕೂತಿರುವ ಸಹಾಯಕನನ್ನು ಆ ಕೋಣೆಗೆ ಕರೆಯುವವರು ಕಡಿಮೆ. ಕರೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಪಾಠಕ್ಕಾಗಿ ಜೋಡಿಸಿದ್ದು. ಆದರೆ ಇದರ ಒಂದೊಂದು ಸಂಗತಿಯೂ ದಿನನಿತ್ಯ ಆಸ್ಪತ್ರೆಗಳಲ್ಲಿ ನಡೆಯುವಂಥದೇ.

ಜಾಗ ವಡೋದರಾದ ಫತೇಗಂಜ್ ಎಂದಿಟ್ಟುಕೊಳ್ಳೋಣ. ಹಳೆಯ ಕ್ಯಾಂಪ್ ಪ್ರದೇಶ. ಹತ್ತಿರದಲ್ಲೇ ಸಯಾಜಿರಾವ್ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಸೇನೆಯ ಇಎಂಇ ಶಾಲೆ, ಆ ಆವರಣದಲ್ಲಿ 1966ರಲ್ಲಿ ಕಟ್ಟಿದ, ಅಲ್ಯೂಮಿನಿಯಂ ಹೊದಿಕೆಯ ದಕ್ಷಿಣಾಮೂರ್ತಿ ದೇವಸ್ಥಾನ. ಕೆಲಸಕ್ಕೆಂದು ಊರು ಬಿಟ್ಟು ಬಂದ ಕನ್ನಡದ ಮನೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಕಾಲೇಜಿಗೆ ಹೋಗುವ ಮಗ, ಧಾರವಾಡದಿಂದ ಬಂದು ಜೊತೆಗಿರುವ ಅಜ್ಜ, ಅಜ್ಜಿ. ಮನೆಯಲ್ಲಿ ಒಂಬತ್ತು ವರ್ಷದ ಹೆಣ್ಣು ಪೊಮೇರಿಯನ್ ನಾಯಿ. ಹೆಸರು ರಾಣಿ, ತೂಕ 8 ಕಿಲೋ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಲ್ಲ. ಮೇ ತಿಂಗಳು, ಬಿಸಿಲು 40 ಡಿಗ್ರಿ ದಾಟಿದೆ.

ಮೊದಲನೆಯ ದಿನ ರಾಣಿ ನೀರು ಜಾಸ್ತಿ ಕುಡಿಯಿತು. ಇಂಥ ಬಿಸಿಲಿನಲ್ಲಿ ಯಾರು ಕುಡಿಯುವುದಿಲ್ಲ ಎಂದರು ಮನೆಯವರು. ಎರಡನೆಯ ರಾತ್ರಿ ಹಾಲಿನಲ್ಲಿ, ಅಂದರೆ ಹೊರಕೋಣೆಯಲ್ಲಿ, ಎರಡು ಸಲ ಉಚ್ಚೆ ಹೊಯ್ದಿತು. ಯಾವತ್ತೂ ಹಾಗೆ ಮಾಡದ ನಾಯಿ. ವಯಸ್ಸಾಯಿತಲ್ಲ ಎಂದುಕೊಂಡು, ನೆಲ ಒದ್ದೆಯಾಗದಿರಲೆಂದು ನೀರಿನ ಬಟ್ಟಲನ್ನೇ ಎತ್ತಿಟ್ಟರು. ಮೂರನೆಯ ದಿನ ಊಟ ಬಿಟ್ಟಿತು, ಒಂದು ಸಲ ವಾಂತಿ ಮಾಡಿತು. ಸಂಜೆ ಮೊಮ್ಮಗ ಸ್ಕೂಟರಿನಲ್ಲಿ ಕೂರಿಸಿಕೊಂಡು ಹತ್ತಿರದ ಸಣ್ಣ ಚಿಕಿತ್ಸಾಲಯಕ್ಕೆ ಕರೆದೊಯ್ದ. ಅಲ್ಲಿನ ಸಹಾಯಕ ಗುಜರಾತಿ ಹುಡುಗ. ‘ಗರಮಿಯಲ್ಲಿ ಬಂದಿತ್ತಾ?’ ಎಂದು ಕೇಳಿದ. ಮೊಮ್ಮಗ ‘ಹೌದು, ಈ ಗರಮಿಯಲ್ಲೇ ಶುರುವಾಗಿದ್ದು’ ಎಂದ. ಕೇಸ್ ಪೇಪರಿನಲ್ಲಿ ಎರಡೇ ಮಾತು ಬಿತ್ತು: ‘ಗರಮಿ, ವಾಂತಿ’. ನಾಯಿ ಗುರ್ರೆಂದದ್ದರಿಂದ ಥರ್ಮಾಮೀಟರ್ ಇಡಲಿಲ್ಲ. ಹೊರಗೆ ಹನ್ನೆರಡು ಜನ ಕಾಯುತ್ತಿದ್ದರು. ಡಾಕ್ಟರು ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು, ಬಿಸಿಲಿಗೆ ಬಿಡಬೇಡಿ, ನಾಳೆ ಕರೆದುಕೊಂಡು ಬನ್ನಿ ಎಂದರು.

ನಾಲ್ಕನೆಯ ದಿನ ವಾಂತಿ ನಿಂತಿತ್ತು. ವಾಸಿಯಾಗುತ್ತಿದೆ ಎಂದುಕೊಂಡು ಕರೆದೊಯ್ಯಲಿಲ್ಲ. ಮಲಗಿದಲ್ಲೇ ನರಳುತ್ತಿದ್ದ ನಾಯಿಗೆ ಅಜ್ಜನ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಕೊಟ್ಟರು. ಐದನೆಯ ದಿನ ರಾಣಿಗೆ ಎದ್ದು ನಿಲ್ಲಲು ಆಗಲಿಲ್ಲ, ಹೊಟ್ಟೆ ಉಬ್ಬಿತ್ತು. ಸೋನೋಗ್ರಫಿ ಮಾಡಿದಾಗ ಗರ್ಭಕೋಶದ ತುಂಬ ಕೀವು. ರಾತ್ರಿಯೇ ಶಸ್ತ್ರಚಿಕಿತ್ಸೆ ಮಾಡಿ ಗರ್ಭಕೋಶ ತೆಗೆದರು. ಆ ಹೊತ್ತಿಗೆ ಮೂತ್ರಪಿಂಡ ಸೋತಿತ್ತು. ಬೆಳಗಿನ ಜಾವ ರಾಣಿ ಸತ್ತುಹೋಯಿತು.

ಈ ಕಾಯಿಲೆಗೆ ವೈದ್ಯರು ಪಯೋಮೆಟ್ರಾ ಎನ್ನುತ್ತಾರೆ. ಸಂತಾನಹರಣ ಮಾಡಿಸದ, ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಇದು ಅಪರೂಪವೇನಲ್ಲ. ಸ್ವೀಡನ್ನಿನಲ್ಲಿ ವಿಮೆ ಮಾಡಿಸಿದ ನಾಯಿಗಳ ದಾಖಲೆ ನೋಡಿದಾಗ, ಇಂಥ ಹೆಣ್ಣು ನಾಯಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಹತ್ತು ವರ್ಷ ತುಂಬುವುದರೊಳಗೆ ಇದು ಬಂದಿರುವುದು ಕಂಡುಬಂದಿದೆ. ನಾಯಿ ಬೆದೆಗೆ ಬಂದು ಹೋದ ಮೇಲೆ, ಬಸಿರಾಗಲಿ ಆಗದಿರಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಾಗಿರುತ್ತದೆ. ಅದು ಗರ್ಭಕೋಶದ ಒಳಪದರವನ್ನು ದಪ್ಪಗೆ ಮಾಡುತ್ತದೆ, ಅಲ್ಲಿನ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಬೆದೆಯ ಕಾಲದಲ್ಲಿ ತೆರೆದಿದ್ದ ಬಾಯಿಯಿಂದ ಒಳಸೇರಿದ ಬ್ಯಾಕ್ಟೀರಿಯಾ, ಹೆಚ್ಚಾಗಿ ಇ. ಕೋಲೈ, ಅಲ್ಲಿ ಬೆಳೆಯುತ್ತದೆ. ಪ್ರತಿ ಬೆದೆಗೂ ಪದರದ ಬದಲಾವಣೆ ಸ್ವಲ್ಪ ಸ್ವಲ್ಪವೇ ಕೂಡುತ್ತಾ ಹೋಗುವುದರಿಂದ ವಯಸ್ಸಾದಂತೆ ಅಪಾಯ ಹೆಚ್ಚು. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಬಂದು ಕಣ್ಣಿಗೆ ಬೀಳುತ್ತದೆ. ರಾಣಿಯಲ್ಲಿ ಅದು ಮುಚ್ಚಿತ್ತು, ಹಾಗಾಗಿ ಹೊರಗೆ ಏನೂ ಕಾಣಲಿಲ್ಲ.

ಬಾಯಾರಿಕೆ ಯಾಕೆ? ಆ ಬ್ಯಾಕ್ಟೀರಿಯಾದ ವಿಷ ಮೂತ್ರಪಿಂಡವನ್ನು ಮುಟ್ಟಿದಾಗ ಅದಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ನೀರು ಉಚ್ಚೆಯಾಗಿ ಹೊರಟುಹೋಗುತ್ತದೆ, ಅದನ್ನು ತುಂಬಿಕೊಳ್ಳಲು ನಾಯಿ ಕುಡಿಯುತ್ತದೆ. ನೀರು ಕುಡಿದದ್ದಕ್ಕೆ ಉಚ್ಚೆ ಹೆಚ್ಚಾಯಿತು ಎಂದು ನಾವು ತಿಳಿಯುತ್ತೇವೆ, ನಿಜ ಅದಕ್ಕೆ ತಿರುಗಾಮುರುಗಾ. ಹೀಗಿರುವಾಗ ಬಟ್ಟಲು ಎತ್ತಿಟ್ಟರೆ ಏನಾಗುತ್ತದೆ ಎಂದು ಯೋಚಿಸಿ.

ಈಗ ಪರಿಶೀಲನೆಗೆ ಬರೋಣ. ರಾಣಿ ಸತ್ತು ನಾಲ್ಕು ದಿನವಾದ ಮೇಲೆ, ಮಧ್ಯಾಹ್ನ ಆಸ್ಪತ್ರೆ ಮುಚ್ಚಿರುವ ಹೊತ್ತಿನಲ್ಲಿ ಎಲ್ಲರೂ ಕೂತಿದ್ದಾರೆ: ಡಾಕ್ಟರು, ಮೂವರು ಸಹಾಯಕರು, ಗುಡಿಸಿ ಒರೆಸುವ ಹೆಂಗಸು. ಕೂರುವ ಮೊದಲು ಒಬ್ಬ ಸಹಾಯಕ ಆ ಮನೆಗೆ ಫೋನ್ ಮಾಡಿ, ನಾಯಿ ಹೋದದ್ದಕ್ಕೆ ಎರಡು ಸಮಾಧಾನದ ಮಾತಾಡಿ, ಆ ಐದು ದಿನ ಏನೇನಾಯಿತು ಎಂದು ಮನೆಯವರೆಲ್ಲರಿಂದ ಕೇಳಿ ಬರೆದುಕೊಂಡಿದ್ದಾನೆ. ಅಜ್ಜಿಯ ಮಾತನ್ನು ಮೊಮ್ಮಗ ಹಿಂದಿಯಲ್ಲಿ ಹೇಳಿದ್ದಾನೆ.

ಸಭೆಯ ಕಟ್ಟಳೆಗಳು ಮೂರು. ಯಾರ ಹೆಸರೂ ಹಿಡಿಯಕೂಡದು. ‘ಯಾಕೆ ಮಾಡಲಿಲ್ಲ’ ಎಂದು ಕೇಳಕೂಡದು, ‘ಆಗ ಏನು ಕಾಣುತ್ತಿತ್ತು’ ಎಂದು ಕೇಳಬೇಕು. ಡಾಕ್ಟರು ಕೊನೆಗೆ ಮಾತಾಡಬೇಕು. ಈ ಮೂರನೆಯದು ಮುಖ್ಯ. ಡಾಕ್ಟರು ಮೊದಲು ಬಾಯಿಬಿಟ್ಟರೆ ಉಳಿದವರು ಹೂಂಗುಟ್ಟುತ್ತಾರೆ, ಪಾಠ ಅಲ್ಲಿಗೆ ಮುಗಿಯಿತು.

ಗೋಡೆಯ ಹಲಗೆಯ ಮೇಲೆ ಐದು ದಿನಕ್ಕೆ ಐದು ಮನೆ ಗೆರೆ ಎಳೆದರು. ಪ್ರತಿ ದಿನದ ಕೆಳಗೆ ಮೂರು ಸಾಲು. ಮೊದಲ ಸಾಲು, ನಾಯಿಯಲ್ಲಿ ಏನು ಕಂಡಿತು. ಎರಡನೆಯದು, ಅದು ಯಾರಿಗೆ ಗೊತ್ತಿತ್ತು. ಮೂರನೆಯದು, ಅವರನ್ನು ಯಾರಾದರೂ ಕೇಳಿದರೇ. ತುಂಬುತ್ತಾ ಹೋದಂತೆ ಎರಡನೆಯ ಸಾಲಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂತು: ಅಜ್ಜಿ. ದಿನಕ್ಕೆ ಒಂದು ಸಲ ತುಂಬಿಸುತ್ತಿದ್ದ ಬಟ್ಟಲನ್ನು ಮೂರು ಸಲ ತುಂಬಿಸಿದ್ದು ಅಜ್ಜಿ. ಉಚ್ಚೆ ನೀರಿನಂತೆ ತೆಳ್ಳಗಿತ್ತು ಎಂದು ನೆಲ ಒರೆಸುವಾಗ ನೋಡಿದ್ದು ಅಜ್ಜಿ. ಸಂಕ್ರಾಂತಿಯಿಂದ ರೊಟ್ಟಿಯ ಚೂರನ್ನೂ ಬಿಡದೆ ತಿನ್ನುತ್ತಿದ್ದ ನಾಯಿ ಮೂಸಿ ಬಿಟ್ಟದ್ದನ್ನು ಕಂಡದ್ದು ಅಜ್ಜಿ. ಯುಗಾದಿ ಹಬ್ಬದ ಹೊತ್ತಿನಲ್ಲಿ ರಾಣಿ ಬೆದೆಗೆ ಬಂದಿದ್ದು, ಬೀದಿನಾಯಿಗಳು ಗೇಟಿನ ಹತ್ತಿರ ಸೇರುತ್ತವೆಂದು ಕೋಲು ಹಿಡಿದು ಕೂತಿದ್ದು, ಅದೂ ಅಜ್ಜಿಯೇ. ಮೇ ತಿಂಗಳಿಗೆ ಸರಿಯಾಗಿ ಒಂದೂವರೆ ತಿಂಗಳಾಗಿತ್ತು. ಮೂರನೆಯ ಸಾಲು ಮಾತ್ರ ಐದು ದಿನವೂ ಖಾಲಿ. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ‘ಗರಮಿ’ ಎಂಬ ಮಾತಿಗೆ ಬಂದರು. ಬರೆದ ಹುಡುಗನೇ ಎದ್ದು ಹೇಳಿದ: ‘ನಾನು ಕೇಳಿದ್ದು ಬೆದೆ, ಆತ ಹೇಳಿದ್ದು ಬಿಸಿಲು.’ ಗುಜರಾತಿ, ಹಿಂದಿ ಎರಡರಲ್ಲೂ ಗರಮಿ ಎಂಬ ಮಾತಿಗೆ ಎರಡೂ ಅರ್ಥ ಇದೆ. ಇಂಗ್ಲಿಷಿನ ಹೀಟ್ ಕೂಡ ಹಾಗೆಯೇ. ಕೇಳಿದವನಿಗೆ ಉತ್ತರ ಬಂತು, ಬರೆದುಕೊಂಡ, ಡಾಕ್ಟರು ಓದಿದರು, ಬಿಸಿಲಿನ ಕಾಯಿಲೆ ಎಂದುಕೊಂಡರು. ಯಾರೂ ಸೋಮಾರಿತನ ಮಾಡಲಿಲ್ಲ. ಆದರೂ ಒಂದು ಪದ ಎರಡು ದಿನ ತಿಂದಿತು. ಪಯೋಮೆಟ್ರಾದಲ್ಲಿ ಎರಡು ದಿನ ಎಂದರೆ ಬಹಳ. ಬೇಗ ಕಂಡುಹಿಡಿದು, ಗ್ಲೂಕೋಸ್ ಸಲೈನ್ ಏರಿಸಿ, ಆಂಟಿಬಯಾಟಿಕ್ ಕೊಟ್ಟು, ಗರ್ಭಕೋಶ ತೆಗೆದರೆ ಹೆಚ್ಚಿನ ನಾಯಿಗಳು ಬದುಕುತ್ತವೆ.

ಇಷ್ಟಾದ ಮೇಲೆ ಸಹಾಯಕರೇ ಕೂತು ಹೊಸ ಕೇಸ್ ಪೇಪರ್ ಬರೆದರು. ಹೆಣ್ಣು ನಾಯಿಯಾದರೆ ಗರಮಿ ಎಂಬ ಮಾತೇ ಬೇಡ. ‘ಕೊನೆಯ ಸಲ ರಕ್ತ ಕಂಡದ್ದು ಯಾವಾಗ, ಬೀದಿನಾಯಿಗಳು ಬೆನ್ನುಹತ್ತಿದ್ದು ಯಾವಾಗ’ ಎಂದು ಕೇಳುವುದು. ಹಬ್ಬದ ಲೆಕ್ಕದಲ್ಲಿ ಕೇಳಿದರೆ ಜನಕ್ಕೆ ನೆನಪಾಗುತ್ತದೆ. ‘ದಿನವೂ ಊಟ ಹಾಕುವವರು ಯಾರು?’ ಕರೆತಂದವರು ಅವರಲ್ಲವಾದರೆ ಅಲ್ಲಿಂದಲೇ ಅವರಿಗೆ ಫೋನ್. ‘ಮನೆಯಲ್ಲಿ ಯಾವುದಾದರೂ ಮಾತ್ರೆ ಕೊಟ್ಟಿದ್ದೀರಾ?’ ಇದನ್ನು ಗದರಿಸುವ ದನಿಯಲ್ಲಿ ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಮೊದಲೇ ನೀರಿಲ್ಲದೆ ಸೊರಗಿದ ಮೂತ್ರಪಿಂಡಕ್ಕೆ ಅದು ಗಾಯದ ಮೇಲೆ ಬರೆ.

ಪ್ರಶ್ನೆಗಳ ಜೊತೆಗೆ ಕೈಕೆಲಸ. ತೂಕ ನೋಡುವುದು. ಗುರ್ರೆಂದರೂ ಬಾಯಿಗೆ ಪಟ್ಟಿ ಕಟ್ಟಿ ಥರ್ಮಾಮೀಟರ್ ಇಡುವುದು. ಆರೋಗ್ಯದ ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಪಯೋಮೆಟ್ರಾದಲ್ಲಿ ಜ್ವರ ಇರಲೇಬೇಕೆಂದಿಲ್ಲ, ಕೆಟ್ಟ ಸ್ಥಿತಿಯಲ್ಲಿ ಮೈ ತಣ್ಣಗೂ ಆಗುತ್ತದೆ. ಹಾಗಾಗಿ ಜ್ವರವಿಲ್ಲ ಎಂದು ಬಿಡುವ ಹಾಗಿಲ್ಲ, ಅಂಕಿಯನ್ನು ಬರೆಯಬೇಕು. ವಸಡನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬೆನ್ನಿನ ಚರ್ಮ ಎತ್ತಿ ಬಿಟ್ಟರೆ ತಟ್ಟನೆ ಕೂರಬೇಕು. ಇವಕ್ಕೆ ಯಂತ್ರ ಬೇಡ, ಐದು ನಿಮಿಷ ಸಾಕು. ಮಾಡಬಾರದ್ದು ಒಂದು: ಉಬ್ಬಿದ ಹೊಟ್ಟೆಯನ್ನು ಬಲವಾಗಿ ಒತ್ತುವುದು. ಕೀವು ತುಂಬಿದ ಗರ್ಭಕೋಶ ಒಳಗೇ ಒಡೆಯಬಹುದು.

ಇಲ್ಲೊಂದು ಎಚ್ಚರಿಕೆಯ ಮಾತು. ಈ ಪಾಠದಿಂದ ಸಹಾಯಕರು ‘ಮುದಿ ಹೆಣ್ಣು ನಾಯಿ ನೀರು ಕುಡಿದರೆ ಪಯೋಮೆಟ್ರಾ’ ಎಂದು ಕಲಿತುಬಿಟ್ಟರೆ ಪಾಠ ಕೆಟ್ಟಿತು. ಮುದಿ ನಾಯಿ ಹೆಚ್ಚು ನೀರು ಕುಡಿಯಲು ಸಕ್ಕರೆ ಕಾಯಿಲೆ ಕಾರಣವಿರಬಹುದು, ಮೂತ್ರಪಿಂಡದ ಹಳೆಯ ಕಾಯಿಲೆಯಿರಬಹುದು, ಅಡ್ರಿನಲ್ ಗ್ರಂಥಿಯ ತೊಂದರೆಯಿರಬಹುದು, ಬರೀ ಬಿಸಿಲೂ ಇರಬಹುದು. ಒಳ್ಳೆಯ ಪರಿಶೀಲನೆಯಲ್ಲಿ ಮುಂದಿನ ವಾರ ಅದೇ ಬಾಯಾರಿಕೆಯ ಇನ್ನೊಂದು ನಾಯಿಯನ್ನು, ಈ ಸಲ ಬದುಕಿದ್ದನ್ನು, ಹಲಗೆಯ ಮೇಲೆ ಬರೆಯುತ್ತಾರೆ. ಕಾಯಿಲೆ ಹೆಸರಿಸುವುದು ಡಾಕ್ಟರ ಕೆಲಸ. ಅದಕ್ಕೆ ಬೇಕಾದ ಸಂಗತಿ ಒಂದೂ ತಪ್ಪಿಹೋಗದಂತೆ ತಂದುಕೊಡುವುದು ಸಹಾಯಕರ ಕೆಲಸ.

ಕಾನೂನು ಹೇಳುವುದೂ ಇದನ್ನೇ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಪ್ರಕಾರ ಚಿಕಿತ್ಸೆ ನಡೆಸುವ ಹಕ್ಕು ನೋಂದಾಯಿತ ಪಶುವೈದ್ಯರದು. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದ ಸಹಾಯಕರಿಗೆ ಲಸಿಕೆ, ಗಾಯಕ್ಕೆ ಪಟ್ಟಿ ಕಟ್ಟುವಂಥ ಸಣ್ಣ ಸೇವೆಗಳಿಗೆ, ಅದೂ ವೈದ್ಯರ ಮೇಲ್ವಿಚಾರಣೆಯಲ್ಲಿ, ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಕರ್ನಾಟಕದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ. ತಿಪಟೂರಿನ ಹತ್ತಿರದ ಕೊನೇಹಳ್ಳಿ, ಹಾವೇರಿ ಜಿಲ್ಲೆಯ ಶಿಗ್ಗಾವಿ ಮುಂತಾದ ಕಡೆ ಪಾಲಿಟೆಕ್ನಿಕ್‌ಗಳಿವೆ. ಗುಜರಾತಿನಲ್ಲಿ, ವಡೋದರಾಕ್ಕೆ ಹತ್ತಿರವೇ ಇರುವ ಆಣಂದದಲ್ಲಿ 1964ರಿಂದ ಪಶುವೈದ್ಯ ಕಾಲೇಜು ಇದೆ. ಹಾಲಿನ ಸಹಕಾರ ಬೆಳೆದ ನಾಡು ಅದು. ಎರಡೂ ಕಡೆ ಓದಿನ ಭಾರ ಹೆಚ್ಚಾಗಿ ಬೀಳುವುದು ದನ, ಎಮ್ಮೆ, ಕುರಿ, ಕೋಳಿಯ ಮೇಲೆ. ರೈತನ ಬದುಕು ಅದರ ಮೇಲಿರುವಾಗ ಅದು ನ್ಯಾಯವೇ. ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ದಾದಿಯರಿಗೆಂದೇ 1961ರಲ್ಲಿ ತರಬೇತಿ ಶುರುವಾಯಿತು. ನಮ್ಮ ನಗರಗಳ ಸಣ್ಣ ಚಿಕಿತ್ಸಾಲಯದಲ್ಲಿ ನಾಯಿ ಬೆಕ್ಕು ಹಿಡಿಯುವ ಹುಡುಗರಲ್ಲಿ ಅನೇಕರು ನೋಡಿ ನೋಡಿಯೇ ಕಲಿತವರು. ಅವರಿಗೆ ಎರಡು ವರ್ಷ ಕಾಲೇಜಿಗೆ ಹೋಗಲು ಆಗದಿರಬಹುದು. ಆದರೆ ತಿಂಗಳಿಗೆ ಎರಡು ಮಧ್ಯಾಹ್ನ, ಒಂದು ಹಲಗೆ, ಒಂದು ಸುಣ್ಣದ ಕಡ್ಡಿ ಯಾವ ಚಿಕಿತ್ಸಾಲಯಕ್ಕೂ ಭಾರವಲ್ಲ.

ಇದರಿಂದ ಇನ್ನೊಂದು ಉಪಕಾರವೂ ಇದೆ. ಸತ್ತ ನಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಯವರ ಕೈಗೆ ಕೊಡುವವರು ಸಹಾಯಕರೇ. ಅಳುವವರ ಮುಂದೆ ನಿಲ್ಲುವವರೂ ಅವರೇ. ‘ನನ್ನಿಂದ ಹೀಗಾಯಿತೇನೋ’ ಎಂಬ ಭಾರವನ್ನು ಒಳಗೇ ಇಟ್ಟುಕೊಂಡು ಎಷ್ಟೋ ಹುಡುಗರು ಈ ಕೆಲಸವನ್ನೇ ಬಿಡುತ್ತಾರೆ. ನಾಲ್ಕು ಜನರ ಮುಂದೆ, ಬೈಗುಳವಿಲ್ಲದೆ ಮಾತಾಡಿದರೆ ಆ ಭಾರ ಹಂಚಿಹೋಗುತ್ತದೆ. ಗರಮಿ ಎಂದು ಬರೆದ ಹುಡುಗ ಆ ಸಭೆಯಲ್ಲಿ ತಾನೇ ಎದ್ದು ಹೇಳಿದ್ದು ಸಣ್ಣ ಸಂಗತಿಯಲ್ಲ. ಹೆಸರು ಹಿಡಿದು ದೂರುವ ಸಭೆಯಾಗಿದ್ದರೆ ಆತ ಸುಮ್ಮನಿರುತ್ತಿದ್ದ, ಆ ಪದದ ಸುದ್ದಿ ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ನಮ್ಮ ಪಾಲಿನ ಕೆಲಸ. ಮನೆಯಲ್ಲಿ ಏಳೆಂಟು ವರ್ಷ ದಾಟಿದ ನಾಯಿಯಿದ್ದರೆ ಅದು ಎಷ್ಟು ನೀರು ಕುಡಿಯುತ್ತದೆ ಎಂದು ಒಂದು ದಿನ ಅಳೆದು ನೋಡಿ. ಬೆಳಿಗ್ಗೆ ಅಳತೆಯ ಲೋಟದಲ್ಲಿ ಹಾಕಿ, ಮರುದಿನ ಉಳಿದದ್ದನ್ನು ಕಳೆಯಿರಿ. ಕಿಲೋ ತೂಕಕ್ಕೆ 50ರಿಂದ 60 ಮಿಲಿಲೀಟರ್ ಸಾಮಾನ್ಯ; ಬಿಸಿಲಿಗೆ, ಒಣ ಆಹಾರಕ್ಕೆ ಸ್ವಲ್ಪ ಹೆಚ್ಚಾಗಬಹುದು. 100 ಮಿಲಿಲೀಟರ್ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು. 8 ಕಿಲೋದ ರಾಣಿಗೆ ಅರ್ಧ ಲೀಟರ್ ಸರಿ, 800 ಮಿಲಿಲೀಟರ್ ದಾಟಿದರೆ ಕಾಯಿಲೆಯ ಗುರುತು. ಅಳೆದ ಅಂಕಿಯನ್ನು ಹೇಳಿ; ‘ಜಾಸ್ತಿ ಕುಡಿಯುತ್ತೆ’ ಎಂದರೆ ಬಿಸಿಲಿನ ಲೆಕ್ಕಕ್ಕೆ ಹೋಗುತ್ತದೆ. ಯಾವ ಕಾರಣಕ್ಕೂ ನೀರಿನ ಬಟ್ಟಲು ಎತ್ತಿಡಬೇಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಾಯಿ ಬೆದೆಗೆ ಬಂದ ದಿನ ಗುರುತು ಹಾಕಿ. ಮರಿ ಬೇಡವಾದರೆ ಪ್ರಾಯದಲ್ಲೇ ಸಂತಾನಹರಣ ಮಾಡಿಸಿ; ಈ ಕಾಯಿಲೆಯನ್ನು ತಡೆಯುವ ನೆಚ್ಚಿನ ದಾರಿ ಅದು.

ಕೊನೆಯದಾಗಿ, ನಗರದ ನಮ್ಮ ಮನೆಗಳಲ್ಲಿ ನಾಯಿಯ ಜೊತೆ ಇಡೀ ದಿನ ಇರುವವರು ಊರಿನಿಂದ ಬಂದ ಅಮ್ಮ, ಅಪ್ಪ, ಇಲ್ಲವೇ ಮನೆಗೆಲಸದವರು. ಅವರಿಗೆ ಇಲ್ಲಿನ ಭಾಷೆ ಬಾರದು, ಆಸ್ಪತ್ರೆಗೆ ಹೋದರೆ ಯಾರೂ ಮಾತಾಡಿಸುವುದಿಲ್ಲವೆಂದು ಮನೆಯಲ್ಲೇ ಉಳಿಯುತ್ತಾರೆ. ಮುಂದಿನ ಸಲ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಆಗದಿದ್ದರೆ ಅಲ್ಲಿಂದ ಫೋನ್ ಮಾಡಿ, ‘ಅಜ್ಜಿ, ನೀವು ಏನು ನೋಡಿದಿರಿ?’ ಎಂದು ಕನ್ನಡದಲ್ಲಿ ಕೇಳಿ, ಅದನ್ನು ಬರೆದುಕೊಳ್ಳುವ ಹುಡುಗನಿಗೆ ನಿಧಾನವಾಗಿ ಹೇಳಿ. ಆತ ಬರೆದು ಮುಗಿಸುವ ತನಕ ಕಾಯಿರಿ.